ಮೂರು ತಿಂಗಳು ತುಂಬುವವರೆಗೆ

ಬಸಿರಾದರೆ ವಾಂತಿ ಬರುತ್ತದೆ, ತಲೆ ಸುತ್ತುತ್ತದೆ, ಹುಳಿ ತಿನ್ನಬೇಕು ಅನ್ನಿಸುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಮುಟ್ಟಿನ ನೋವಿನಂಥದೇ ನೋವು ಬರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಟೆಸ್ಟ್ ಮಾಡಿ ಎರಡು ಗೆರೆ ನೋಡಿದ್ದೆ. ಅದೇ ಸಂಜೆ ಕಿಬ್ಬೊಟ್ಟೆ ಹಿಂಡಿ, ಸೊಂಟ ಹಿಡಿದು, ಇನ್ನೇನು ಮುಟ್ಟು ಬಂದೇಬಿಟ್ಟಿತು ಅಂತ ಬಚ್ಚಲಿಗೆ ಓಡಿದೆ. ಏನೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋಗಿ ನೋಡಿದೆ. ಆಗ ಹತ್ತಿದ ಈ ಹೋಗಿ ಹೋಗಿ ನೋಡುವ ಚಟ ಮೂರು ತಿಂಗಳು ಬಿಡಲಿಲ್ಲ.

ನಮ್ಮದು ಬಾಗಲಕೋಟೆಯ ನವನಗರ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಊರು, ಸೆಕ್ಟರ್ ನಂಬರ್ ಹೇಳಿದರೆ ವಿಳಾಸ ಮುಗಿಯಿತು. ಮನೆಯಲ್ಲಿ ಅತ್ತೆ, ಮಾವ, ಗಂಡನ ಅಣ್ಣ, ಅವರ ಹೆಂಡತಿ, ನಾವಿಬ್ಬರು. ನಾನು ಒಂದು ಸೌಹಾರ್ದ ಸಹಕಾರಿಯಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರುತ್ತೇನೆ. ಎದ್ದು ಹೋಗಬೇಕೆಂದರೆ ಡ್ರಾಯರಿಗೆ ಕೀಲಿ ಹಾಕಿ, ಪಕ್ಕದವರಿಗೆ ಹೇಳಿ ಹೋಗಬೇಕು. ಹೀಗಿರುವಾಗ ಗಂಟೆಗೊಂದು ಸಲ ಬಚ್ಚಲಿಗೆ ಹೋದರೆ ಜನ ಏನಂದುಕೊಳ್ಳುತ್ತಾರೆ, ಅಲ್ವಾ?

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಅನ್ನುವುದು ನಮ್ಮ ಕಡೆಯ ಪದ್ಧತಿ. ದೃಷ್ಟಿ ತಾಗುತ್ತದೆ ಅನ್ನುತ್ತಾರೆ. ಈ ಪದ್ಧತಿ ಯಾಕೆ ಬಂದಿರಬಹುದು ಅಂತ ನನಗೆ ಅರ್ಥವಾಗುತ್ತದೆ. ಗರ್ಭ ಇಳಿದುಹೋಗುವುದಿದ್ದರೆ ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ, ಆಮೇಲೆ ಊರಿಗೆಲ್ಲ ಉತ್ತರ ಕೊಡುವ ಸಂಕಟ ಬೇಡ ಅಂತ. ಆದರೆ ನೋವು, ವಾಂತಿ, ಸುಸ್ತು, ಹೆದರಿಕೆ ಎಲ್ಲಾ ಜಾಸ್ತಿ ಇರುವುದೂ ಅದೇ ಮೂರು ತಿಂಗಳಲ್ಲಿ. ನೆರವು ಬೇಕಾದ ಹೊತ್ತಿನಲ್ಲೇ ಬಾಯಿ ಮುಚ್ಚಿಕೊಂಡಿರಬೇಕು. ಇದು ಯಾವ ನ್ಯಾಯವೋ ಏನೋ. ನಾವಿಬ್ಬರೂ ಯಾರಿಗೂ ಹೇಳುವುದು ಬೇಡ ಅಂತಲೇ ಮಾತಾಡಿಕೊಂಡೆವು. ಅದಕ್ಕೆ ಇನ್ನೊಂದು ಕಾರಣ ನನ್ನ ನೆಗೆಣ್ಣಿ. ನಾನು ಅಕ್ಕ ಅಂತಲೇ ಕರೆಯುತ್ತೇನೆ. ಹೋದ ವರ್ಷ ಅವಳಿಗೆ ಗರ್ಭ ನಿಲ್ಲಲಿಲ್ಲ. ಅವಳ ಮುಂದೆ ನಾನು ಯಾವ ಬಾಯಿಂದ ಹೇಳಲಿ?

ಎಳ್ಳಮಾವಾಸ್ಯೆಯ ದಿನ ಕಲಾದಗಿ ಹತ್ತಿರದ ನಮ್ಮ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ನೈವೇದ್ಯ ಚೆಲ್ಲಲು, ಹೋದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ, ಎಲ್ಲಾ ಬುತ್ತಿ ಕಟ್ಟಿಕೊಂಡು. ಎಳ್ಳು ಉಷ್ಣ, ಬಸುರಿಯರು ಮುಟ್ಟಬಾರದು ಅಂತ ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ. ತಿನ್ನದಿದ್ದರೆ ಅತ್ತೆಗೆ ಗೊತ್ತಾಗುತ್ತದೆ, ತಿಂದರೆ ಹೆದರಿಕೆ. ರೊಟ್ಟಿ ತಿಂದೆ. ವಾಪಸ್ ಬರುವಾಗ ಬಲಗಡೆ ಕಿಬ್ಬೊಟ್ಟೆಯಲ್ಲಿ, ಒಂದೇ ಜಾಗದಲ್ಲಿ, ಚುಚ್ಚತೊಡಗಿತು. ರಾತ್ರಿ ಮಲಗಿದರೂ ಹೋಗಲಿಲ್ಲ. ಎಳ್ಳಿನ ಮೇಲೆ, ಟ್ರ್ಯಾಕ್ಟರಿನ ಮೇಲೆ, ಆ ದಾರಿಯ ತೆಗ್ಗುಗಳ ಮೇಲೆ ಒಂದೊಂದಾಗಿ ಸಿಟ್ಟು ಮಾಡಿಕೊಂಡು ಫೋನ್ ಹಿಡಿದು ಓದುತ್ತಾ ಕೂತೆ. ಆ ರಾತ್ರಿ ಓದಿದ್ದರಲ್ಲಿ ಅರ್ಧ ಭಾಗ ಏನೂ ಆಗುವುದಿಲ್ಲ ಅನ್ನುತ್ತಿತ್ತು, ಇನ್ನರ್ಧ ಈಗಲೇ ಆಸ್ಪತ್ರೆಗೆ ಓಡಿ ಅನ್ನುತ್ತಿತ್ತು.

ಮರುದಿನ ವಿದ್ಯಾಗಿರಿ ಕಡೆ ಇರುವ ಲೇಡಿ ಡಾಕ್ಟರ್ ಹತ್ತಿರ ಹೋದೆವು. ಅವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಆಮೇಲೆ ನಾನು ಮನೆಯಲ್ಲಿ ಹೆದರಿದಾಗಲೆಲ್ಲ ಇವನ್ನೇ ನನಗೆ ನಾನೇ ಕೇಳಿಕೊಂಡೆ. ನೋವು ಎರಡೂ ಕಡೆಯೋ ಒಂದೇ ಕಡೆಯೋ? ಬಂದು ಹೋಗುತ್ತದೋ, ಏರುತ್ತಲೇ ಇದೆಯೋ? ರಕ್ತ ಹೋಗಿದೆಯಾ? ಭುಜದ ತುದಿಯಲ್ಲಿ ನೋವಿದೆಯಾ? ಕಣ್ಣು ಕತ್ತಲೆ ಬಂದು ಬೀಳುವ ಹಾಗಾಗಿದೆಯಾ? ಹೊಟ್ಟೆ ನೋವಿಗೂ ಭುಜಕ್ಕೂ ಏನು ಸಂಬಂಧ ಅಂತ ನನಗೆ ಆಶ್ಚರ್ಯ. ಗರ್ಭ ಗರ್ಭಕೋಶದ ಒಳಗೆ ಕೂರದೆ ನಳಿಕೆಯಲ್ಲೇ ಕೂತಿದ್ದರೆ, ಅದು ಒಡೆದು ಹೊಟ್ಟೆಯೊಳಗೆ ರಕ್ತ ಸೋರಿದರೆ ಭುಜದಲ್ಲಿ ನೋವು ಬರಬಹುದಂತೆ. ಅದು ಜೀವಕ್ಕೇ ಅಪಾಯ. ಆಗ ಬೆಳಗಾಗಲಿ ಅಂತ ಕಾಯುವ ಹಾಗೇ ಇಲ್ಲ. ನನಗೆ ಅದ್ಯಾವುದೂ ಇರಲಿಲ್ಲ. ಆದರೂ ಒಂದೇ ಕಡೆ ನೋವು ಇದ್ದುದರಿಂದ ಸ್ಕ್ಯಾನ್ ಮಾಡಿಸಿಕೊಂಡು ಬಾ ಅಂದರು. ಎಳ್ಳಿನ ವಿಷಯ ಕೇಳಿದ್ದಕ್ಕೆ ನಕ್ಕರು. "ರೊಟ್ಟಿಗೆ ಹಚ್ಚಿದ ಎಳ್ಳಿನಿಂದ ಏನೂ ಆಗೂದಿಲ್ಲವ್ವಾ. ಹಂಗ ಆಗಿದ್ರ ನಮ್ಮ ಕಡೆ ಕೂಸ ಹುಟ್ತಿರಲಿಲ್ಲ."

ಸ್ಕ್ಯಾನಿಂಗ್ ಸೆಂಟರಿನ ಹೆಸರು ಬೇಡ. ಹೋದ ಕೂಡಲೇ ಆಧಾರ್ ಕೊಡಿ, ಗಂಡನ ಹೆಸರು, ಎಷ್ಟು ಮಕ್ಕಳು, ಯಾಕೆ ಸ್ಕ್ಯಾನ್ ಅಂತ ಒಂದು ಫಾರ್ಮ್ ತುಂಬಿಸಿದರು. ಗಂಡೋ ಹೆಣ್ಣೋ ತಿಳಿಯುವ ಇಚ್ಛೆ ನನಗಿಲ್ಲ ಅಂತ ಸಹಿ ಹಾಕಬೇಕು. ಲಿಂಗಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಎಲ್ಲಾ ಕಡೆ ಹೀಗೇ. ಐದು ವಾರಕ್ಕೆ ಮಗು ಇದೆಯೋ ಇಲ್ಲವೋ ಅಂತಲೇ ಗೊತ್ತಿಲ್ಲದವಳಿಗೆ ಆ ಸಹಿ ಹಾಕುವಾಗ ಒಂಥರಾ ಅನ್ನಿಸಿತು. ಹೊಟ್ಟೆ ತುಂಬ ನೀರು ಕುಡಿದು ಹೋಗಿದ್ದೆ. ಒಳಗೆ ಹೋದ ಮೇಲೆ, ಮೂತ್ರ ಮಾಡಿ ಬನ್ನಿ, ಒಳಗಿನಿಂದ ಸ್ಕ್ಯಾನ್ ಮಾಡಬೇಕು ಅಂದರು. ಇಷ್ಟು ಬೇಗ ಹೊಟ್ಟೆಯ ಮೇಲಿನಿಂದ ಸರಿಯಾಗಿ ಕಾಣುವುದಿಲ್ಲವಂತೆ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗುತ್ತಿದ್ದೆ. ನೋವೇನೂ ಆಗುವುದಿಲ್ಲ, ಮಗುವಿಗೂ ಏನೂ ಆಗುವುದಿಲ್ಲ. ಮುಜುಗರ ಮಾತ್ರ ಆಗುತ್ತದೆ.

"ಚೀಲ ಐತಿ. ಒಳಗ ಇನ್ನೂ ಏನೂ ಕಾಣವಲ್ದು. ಹದಿನೈದು ದಿನ ಬಿಟ್ಟು ಬರ್ರಿ." ನನ್ನ ಮುಖ ಕೂಡ ನೋಡದೆ ಹೀಗೆ ಹೇಳಿ ಆ ಮನುಷ್ಯ ಮುಂದಿನವರನ್ನು ಕರೆದ. ಹೊರಗೆ ಬಂದು ಬೈಕಿನ ಪಕ್ಕ ನಿಂತು ಅತ್ತುಬಿಟ್ಟೆ. ಇವರು ರಿಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು, ಏನು ಅರ್ಥವಾಯಿತೋ ಪಾಪ.

ಡಾಕ್ಟರ್ ಮೇಡಂ ರಿಪೋರ್ಟ್ ನೋಡಿ ಸಮಾಧಾನವಾಗಿ ಬಿಡಿಸಿ ಹೇಳಿದರು. ಚೀಲ ಅಂದರೆ ಕೂಸು ಬೆಳೆಯುವ ಚೀಲ, ಅದು ಗರ್ಭಕೋಶದ ಒಳಗೇ ಇದೆ, ಮೊದಲು ಬೇಕಾಗಿದ್ದು ಅದೇ. ವಾರದ ಲೆಕ್ಕ ಹೋದ ಮುಟ್ಟಿನ ಮೊದಲ ದಿನದಿಂದ ಹಾಕುತ್ತಾರೆ, ಅಂದರೆ ಗರ್ಭ ಕಟ್ಟುವುದಕ್ಕೆ ಮುಂಚಿನ ಸುಮಾರು ಎರಡು ವಾರವೂ ಅದರಲ್ಲಿ ಸೇರಿರುತ್ತದೆ. ಐದು ವಾರಕ್ಕೆ ಬರೀ ಚೀಲ ಕಾಣುವುದು ಸಹಜ. ಕೂಸಿನ ಹೃದಯದ ಬಡಿತ ಕಾಣುವುದು ಆರರಿಂದ ಏಳು ವಾರಕ್ಕೆ. ಮುಟ್ಟು ತಡವಾಗಿ ಬರುವವರಿಗೆ ಇನ್ನೂ ಸ್ವಲ್ಪ ತಡ. ಬಲಗಡೆ ನೋವಿಗೂ ಕಾರಣ ಸಿಕ್ಕಿತು. ಆ ತಿಂಗಳು ಮೊಟ್ಟೆ ಬಿಟ್ಟ ಅಂಡಾಶಯದಲ್ಲಿ ಒಂದು ಸಣ್ಣ ನೀರಗುಳ್ಳೆಯಂಥದ್ದು ಉಳಿದಿತ್ತು. ಗರ್ಭ ನಿಲ್ಲಲು ಬೇಕಾದ ಪ್ರೊಜೆಸ್ಟೆರಾನ್ ಹಾರ್ಮೋನನ್ನು ಮೊದಲ ಕೆಲವು ವಾರ ಅದೇ ಕೊಡುತ್ತದೆ, ಆಮೇಲೆ ಮಾಸು ಆ ಕೆಲಸ ವಹಿಸಿಕೊಳ್ಳುತ್ತದೆ. ನಾನು ಶತ್ರು ಅಂತ ತಿಳಿದಿದ್ದ ನೋವು ಕೂಸನ್ನು ಕಾಯುವ ಜಾಗದಿಂದಲೇ ಬರುತ್ತಿತ್ತು ನೋಡಿ. ಫೋಲಿಕ್ ಆಸಿಡ್ ಗುಳಿಗೆ ಬರೆದುಕೊಟ್ಟರು. ರಕ್ತ ಪರೀಕ್ಷೆ ಆಯಿತು: ಹಿಮೋಗ್ಲೋಬಿನ್, ಬ್ಲಡ್ ಗ್ರೂಪ್, ಸಕ್ಕರೆ, ಥೈರಾಯ್ಡ್, ಎಚ್ಐವಿ, ಇನ್ನೂ ಏನೇನೋ. ತಲೆನೋವು, ಮೈಕೈ ನೋವು ತಡೆಯದಿದ್ದರೆ ಪ್ಯಾರಾಸಿಟಮಾಲ್ ಸಾಕು, ಮೆಡಿಕಲ್ ಶಾಪಿನವರು ಕೊಡುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಟ್ಟಬೇಡ ಅಂದರು. ನಮ್ಮ ಆಫೀಸಿನ ಡ್ರಾಯರಿನಲ್ಲಿ ಎಲ್ಲರಿಗೂ ಅಂತ ಇಟ್ಟಿದ್ದು ಅದೇ ಗುಳಿಗೆ.

ಆ ಹದಿನೈದು ದಿನ ದಾಟುವುದು ಮಾತ್ರ ಬಹಳ ಕಷ್ಟವಾಯಿತು. ನೋವು ಬಂದರೆ ಏನಾಯಿತೋ ಅಂತ, ಬರದಿದ್ದರೆ ಯಾಕೆ ಬರಲಿಲ್ಲ ಅಂತ. ಒಂದು ದಿನ ಬೆಳಿಗ್ಗೆ ಎದ್ದಾಗ ಸ್ತನಗಳ ನೋವೂ ಇಲ್ಲ, ಓಕರಿಕೆಯೂ ಇಲ್ಲ. ಅವತ್ತು ಊಟ ಸೇರಿತು. ಖುಷಿ ಪಡಬೇಕಾಗಿತ್ತು. ನಾನು ಕೌಂಟರಿನಲ್ಲಿ ನೋಟು ಎಣಿಸುತ್ತಾ ಮೂರು ಸಲ ಲೆಕ್ಕ ತಪ್ಪಿದೆ. ಮರುದಿನ ಒಗ್ಗರಣೆಗೆ ಕುಸುಬೆ ಎಣ್ಣೆ ಕಾದ ವಾಸನೆಗೆ ಹೊಟ್ಟೆ ತೊಳಸಿ ಬಂದಾಗ ಅಬ್ಬಾ ಇದೆ ಅಂತ ನಿರಾಳ. ವಾಂತಿ ಮಾಡಿ ಖುಷಿ ಪಟ್ಟವರು ಯಾರಾದರೂ ಇದ್ದಾರಾ? ಇವು ಒಂದು ದಿನ ಇರುತ್ತವೆ, ಒಂದು ದಿನ ಇರುವುದಿಲ್ಲ. ಅದರಿಂದ ಏನನ್ನೂ ಅಳೆಯಲಾಗುವುದಿಲ್ಲ ಅಂತ ಡಾಕ್ಟರ್ ಎಷ್ಟು ಹೇಳಿದರೂ ತಲೆಗೆ ಹೋಗಲು ಸಮಯ ಹಿಡಿಯಿತು.

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ. ನಮ್ಮ ಮನೆಯವರು ತೇರು ತಪ್ಪಿಸುವುದಿಲ್ಲ. ಇವಳಿಗೆ ಆಫೀಸಿನಲ್ಲಿ ಆಡಿಟ್ ಇದೆ ಅಂತ ಇವರು ಅತ್ತೆಗೆ ಸುಳ್ಳು ಹೇಳಿದರು. ಎಲ್ಲರೂ ಹೊರಟ ಮೇಲೆ ನೋಡಿದರೆ ಅಕ್ಕ ಹೋಗಿಲ್ಲ. ತಲೆನೋವು ಅಂತ ಉಳಿದುಕೊಂಡಿದ್ದಳು. ಅಡುಗೆಮನೆಯಲ್ಲಿ ನನಗೆ ಮಜ್ಜಿಗೆ ಕೊಟ್ಟು, ತಾನು ಮೆಂತ್ಯೆ ಸೊಪ್ಪು ಬಿಡಿಸುತ್ತಾ ಕೂತಳು. ಮುಖ ಎತ್ತದೆ ಕೇಳಿದಳು.

"ಎಷ್ಟ ದಿನ ಆತು?"

ನಾನು ಏನು ಅಂದೆ. ಏನೂ ತಿಳಿಯದವಳ ಹಾಗೆ.

"ನಾ ಈ ಮನಿಗೆ ಬಂದಾಗಿಂದ ನಿನ್ನ ಗಂಡ ನೀರಿನ ಕೊಡ ಮುಟ್ಟಿದ್ದು ನೋಡಿಲ್ಲ. ಈಗ ನೀರು ಬಂದ ದಿನ ಮುಂಜಾನೆದ್ದು ತಾನ ತುಂಬಾಕತ್ತಾನ. ನನಗ ತಿಳಿಯೂದಿಲ್ಲೇನು?"

ಆಮೇಲೆ ಎಲ್ಲಾ ಹೇಳಿದೆ. ಚೀಲ, ಬಡಿತ ಕಾಣದ್ದು, ಬಲಗಡೆ ನೋವು, ರಾತ್ರಿ ಓದುವುದು. ನಿನಗೆ ಬೇಜಾರಾಗುತ್ತದೆ ಅಂತ ಹೇಳಲಿಲ್ಲ ಅಕ್ಕಾ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ಇದ್ದಳು. "ಬ್ಯಾಸರ ಆಗತೈತಿ. ಸುಳ್ಳ ಯಾಕ ಹೇಳಲಿ. ಆದ್ರ ನೀ ಒಬ್ಬಾಕಿನ ಕುಂತು ಅಳೂದು ನೋಡಿದ್ರ ಅದಕ್ಕಿಂತ ಜಾಸ್ತಿ ಆಗತೈತಿ." ಅವಳಿಗೆ ಹೋದ ವರ್ಷ ನೋವೇ ಬಂದಿರಲಿಲ್ಲವಂತೆ. ರಕ್ತವೂ ಹೋಗಿರಲಿಲ್ಲ. ಸ್ಕ್ಯಾನ್‌ಗೆ ಹೋದಾಗಲೇ ಬಡಿತ ನಿಂತಿದ್ದು ಗೊತ್ತಾಗಿದ್ದು. ಇದನ್ನು ನನಗೆ ಹೇಳಬೇಕೋ ಬೇಡವೋ ಅಂತ ಅವಳು ಬಹಳ ಯೋಚಿಸಿದ ಹಾಗೆ ಕಾಣಿಸಿತು. ಟಂಟಂ ಆಟೋದಲ್ಲಿ ಗುಳೇದಗುಡ್ಡಕ್ಕೆ ಹೋಗಿ ಬಂದಿದ್ದಕ್ಕೇ ಹೀಗಾಯಿತು ಅಂತ ಆಗ ಎಷ್ಟೋ ಜನ ಅಂದಿದ್ದರು, ಅವಳೂ ನಂಬಿದ್ದಳು. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಕ್ರೋಮೋಸೋಮ್ ಜೋಡಣೆಯಲ್ಲೇ ಆಗುವ ವ್ಯತ್ಯಾಸ, ತಾಯಿ ನಡೆದಿದ್ದು, ಕೆಲಸ ಮಾಡಿದ್ದು, ಟಂಟಂ ಹತ್ತಿದ್ದು ಕಾರಣವಲ್ಲ ಅಂತ ಡಾಕ್ಟರ್ ಬಿಡಿಸಿ ಹೇಳಿದ ಮೇಲೆ ಅವಳಿಗೆ ನಿದ್ದೆ ಬಂದಿತ್ತಂತೆ. ಆ ಮಾತನ್ನು ಮನೆಯಲ್ಲಿ ಬೇರೆ ಯಾರಿಗೂ ಯಾರೂ ಹೇಳಿರಲಿಲ್ಲ.

ಅವತ್ತಿನಿಂದ ನನ್ನ ಅರ್ಧ ಭಾರ ಇಳಿಯಿತು. ಒಗ್ಗರಣೆ ಹಾಕುವ ಕೆಲಸ ಅಕ್ಕ ತಗೊಂಡಳು, ನಾನು ರೊಟ್ಟಿ ಬಡಿಯುವುದು. ಬೆಳಿಗ್ಗೆ ಏಳುವ ಮುಂಚೆ ಹಾಸಿಗೆಯಲ್ಲೇ ಒಂದು ಚೂರು ಖಡಕ್ ರೊಟ್ಟಿ ತಿನ್ನು ಅಂತ ಹೇಳಿಕೊಟ್ಟವಳೂ ಅವಳೇ. ಖಾಲಿ ಹೊಟ್ಟೆಯಲ್ಲಿ ಎದ್ದರೆ ಓಕರಿಕೆ ಜಾಸ್ತಿ. ಒಣ ರೊಟ್ಟಿ ತಿಂದು ಸ್ವಲ್ಪ ಹೊತ್ತು ಬಿಟ್ಟು ಎದ್ದರೆ ಎಷ್ಟೋ ವಾಸಿ. ಒಂದೇ ಸಲ ಹೊಟ್ಟೆ ತುಂಬ ಉಣ್ಣುವ ಬದಲು ಎರಡು ಗಂಟೆಗೊಮ್ಮೆ ಏನಾದರೂ ಸ್ವಲ್ಪ. ಆಫೀಸಿಗೆ ಚುರುಮುರಿ, ಪುಠಾಣಿ ಡಬ್ಬಿ ಒಯ್ದೆ. ಇಷ್ಟಾದರೂ ನಿಲ್ಲದಿದ್ದ ದಿನಗಳಲ್ಲಿ ರಾತ್ರಿ ಮಲಗುವಾಗ ಡಾಕ್ಸಿಲಮೈನ್ ಮತ್ತು ಬಿ6 ಸೇರಿದ ಗುಳಿಗೆ, ಅದು ಡಾಕ್ಟರ್ ಬರೆದುಕೊಟ್ಟದ್ದು. ನಿದ್ದೆ ಚೆನ್ನಾಗಿ ಬರುತ್ತದೆ, ಬೆಳಿಗ್ಗೆ ಮಂಪರು ಇರುತ್ತದೆ.

ಎರಡನೇ ಸ್ಕ್ಯಾನಿನ ದಿನ ಬರುವುದರೊಳಗೆ ಆಫೀಸಿನಲ್ಲಿ ಒಂದು ಮಧ್ಯಾಹ್ನ ಕಂದು ಕಲೆ ಕಾಣಿಸಿತು. ಕೈಕಾಲು ತಣ್ಣಗಾದವು. ಇವರು ಮುಧೋಳಕ್ಕೆ ಹೋಗಿದ್ದರು. ಅಕ್ಕನಿಗೆ ಫೋನ್ ಮಾಡಿದೆ. ಅವಳು ಅತ್ತೆಗೆ ಟೇಲರ್ ಹತ್ತಿರ ಹೋಗಿ ಬರುತ್ತೇನೆ ಅಂತ ಹೇಳಿ ಆಟೋದಲ್ಲಿ ನಮ್ಮ ಆಫೀಸಿಗೇ ಬಂದಳು. ಡಾಕ್ಟರ್ ಫೋನಿನಲ್ಲೇ ಕೇಳಿದರು: ಕಂದೋ, ಕೆಂಪೋ? ಕಲೆಯಷ್ಟೇನಾ, ಪ್ಯಾಡ್ ತೊಯ್ಯುತ್ತಿದೆಯಾ, ಗಡ್ಡೆ ಹೋಗಿದೆಯಾ? ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ಹೋದರೆ, ಅಥವಾ ನೋವು ತಡೆಯಲಾಗದಷ್ಟು ಇದ್ದರೆ ಯಾರನ್ನೂ ಕೇಳದೆ ನೇರ ಆಸ್ಪತ್ರೆಗೆ. ನನ್ನದು ಕಂದು, ಕಲೆಯಷ್ಟೇ. ಬ್ಲಡ್ ಗ್ರೂಪ್ ಪಾಸಿಟಿವ್ ಅಂತ ಫೈಲ್ ನೋಡಿ ಖಾತ್ರಿ ಮಾಡಿಕೊಂಡರು. ನೆಗೆಟಿವ್ ಇದ್ದವರಿಗೆ ರಕ್ತ ಹೋದಾಗ ಕೆಲವೊಮ್ಮೆ ಬೇರೆ ಇಂಜೆಕ್ಷನ್ ಬೇಕಾಗುತ್ತದೆ. ಈಗಲೇ ಬಾ, ಸ್ಕ್ಯಾನ್ ಮಾಡೋಣ ಅಂದರು.

ಈ ಸಲ ಅವರೇ ತಮ್ಮ ಮಷೀನಿನಲ್ಲಿ ನೋಡಿದರು. ಅಕ್ಕನನ್ನೂ ಒಳಗೆ ಬಿಟ್ಟರು. ಅವಳು ಸ್ಕ್ರೀನ್ ಕಡೆ ನೋಡಲಿಲ್ಲ. ನನ್ನ ಕೈ ಹಿಡಿದುಕೊಂಡು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದಳು. "ಇಲ್ನೋಡು, ಮಿಣಮಿಣ ಅನ್ನಾಕತ್ತೈತಲ್ಲ, ಅದ ಬಡಿತ" ಅಂದಾಗ ತಿರುಗಿದಳು. ಇಬ್ಬರೂ ಅತ್ತೆವು. ಡಾಕ್ಟರಿಗೆ ಹಿಂದಿನದು ಗೊತ್ತಿತ್ತು. ಏನೂ ಅನ್ನಲಿಲ್ಲ, ಟಿಶ್ಯೂ ಡಬ್ಬಿ ಇತ್ತ ಸರಿಸಿದರು.

ಗರ್ಭ ಗಟ್ಟಿ ನಿಲ್ಲಲು ಗುಳಿಗೆ ಕೊಡುತ್ತಾರಲ್ಲ, ಅದು ನನಗೆ ಬೇಡವಾ ಅಂತ ಕೇಳಿದೆ. ಆಫೀಸಿನಲ್ಲಿ ಎಲ್ಲರೂ ತಿಂದಿದ್ದಾರೆ. ಅದು ಪ್ರೊಜೆಸ್ಟೆರಾನ್, ರಕ್ತವೂ ಹೋಗುತ್ತಿದ್ದು, ಹಿಂದೆಯೂ ಗರ್ಭ ಹೋಗಿದ್ದವರಿಗೆ ಉಪಯೋಗವಾಗಬಹುದು, ಈಗ ನಿನಗೆ ಬೇಡ ಅಂದರು. ಹಾಸಿಗೆ ಬಿಟ್ಟು ಏಳಬಾರದಾ ಅಂದರೆ, ಮಲಗಿದರೆ ಗರ್ಭ ನಿಲ್ಲುತ್ತದೆ ಅನ್ನುವುದಕ್ಕೆ ಆಧಾರವಿಲ್ಲ, ಭಾರ ಎತ್ತಬೇಡ, ಉಳಿದಂತೆ ಓಡಾಡಿಕೊಂಡಿರು ಅಂದರು. ಕಲೆ ಎರಡು ದಿನದಲ್ಲಿ ನಿಂತಿತು. ಯಾಕೆ ಬಂತು ಅಂತ ಕಾರಣ ಸಿಗಲೇ ಇಲ್ಲ. ಹೀಗೆ ಕಾರಣ ಇಲ್ಲದೆ ಬಂದು ಹೋಗುವುದೂ ಇರುತ್ತದಂತೆ.

ಇದಾದ ಮೇಲೆ ಬಂದ ಇನ್ನೊಂದು ನೋವಿನ ಬಗ್ಗೆ ಹೇಳಲೇಬೇಕು. ಕಿಬ್ಬೊಟ್ಟೆ ನೋವು ಮತ್ತೆ ಶುರುವಾಯಿತು, ಈ ಸಲ ಭಾರವಾಗಿ, ಮೂತ್ರ ಮಾಡುವಾಗ ಉರಿ. ಬಸಿರಿನ ನೋವೇ ಇರಬೇಕು ಅಂತ ಅಕ್ಕನೂ ಅಂದಳು. ಮೂತ್ರ ಪರೀಕ್ಷೆ ಮಾಡಿದರೆ ಸೋಂಕು. ಬಸುರಿಯರಿಗೆ ಇದು ಬೇಗ ತಗಲುತ್ತದೆ, ಬಿಟ್ಟರೆ ಕಿಡ್ನಿಯವರೆಗೆ ಏರಬಹುದು. ಬಸಿರಿನಲ್ಲಿ ಕೊಡಬಹುದಾದ ಆಂಟಿಬಯೋಟಿಕ್ ಕೊಟ್ಟರು, ಕೋರ್ಸ್ ಪೂರ್ತಿ ಮುಗಿಸು ಅಂದರು. ನಮ್ಮಲ್ಲಿ ಎಷ್ಟು ಹೆಂಗಸರು ಹೊರಗೆ ಹೋಗುವಾಗ ನೀರೇ ಕುಡಿಯುವುದಿಲ್ಲ ಹೇಳಿ. ಬಸ್‌ಸ್ಟ್ಯಾಂಡಿನ ಶೌಚಾಲಯದ ಹೆದರಿಕೆ ಒಂದು, ಕೆಲಸದ ಜಾಗದಲ್ಲಿ ಎದ್ದು ಹೋಗುವ ಸಂಕೋಚ ಇನ್ನೊಂದು. ನಾನೂ ಹಾಗೇ ತಡೆದು ಕೂರುತ್ತಿದ್ದೆ. ಈಗ ಬಾಟಲಿ ಕೌಂಟರಿನ ಮೇಲೇ ಇರುತ್ತದೆ, ಗಿರಾಕಿ ನಿಂತಿದ್ದರೂ ಎದ್ದು ಹೋಗುತ್ತೇನೆ. ಗ್ಯಾಸ್, ಮಲಬದ್ಧತೆಯಿಂದ ಬರುವ ನೋವೂ ಕಡಿಮೆಯಾಯಿತು. ಆ ಪ್ರೊಜೆಸ್ಟೆರಾನೇ ಕರುಳನ್ನು ನಿಧಾನ ಮಾಡುತ್ತದಂತೆ. ಸಂಜೆಯಾದರೆ ನನ್ನ ಹೊಟ್ಟೆ ಐದು ತಿಂಗಳಿನವಳ ಹಾಗೆ ಉಬ್ಬುತ್ತಿತ್ತು, ಮುಚ್ಚಿಡುವುದೇ ಒಂದು ಕೆಲಸ.

ಬಸುರಿಯರ ತಪಾಸಣೆ ಬರೆದಿಡುವ ಸರ್ಕಾರದ ತಾಯಿ ಕಾರ್ಡಿಗೆ ಹನ್ನೆರಡು ವಾರದೊಳಗೆ ಹೆಸರು ಬರೆಸಬೇಕು. ಮೊದಲ ಮಗುವಾದರೆ ಮಾತೃ ವಂದನಾ ಯೋಜನೆಯಲ್ಲಿ ಕಂತಿನಲ್ಲಿ 5000 ರೂಪಾಯಿ ಬರುತ್ತದೆ, ಅದಕ್ಕೂ ಈ ನೋಂದಣಿ ಬೇಕು. ತೊಂದರೆ ಏನೆಂದರೆ ನಮ್ಮ ಆಶಾ ಕಾರ್ಯಕರ್ತೆ ಇರುವುದು ನಮ್ಮದೇ ಓಣಿಯಲ್ಲಿ. ಅವರು ಗುಟ್ಟು ಬಿಡಲಿಲ್ಲ, ಆದರೆ ಮನೆಗೆ ಬಂದು ತೂಕ, ಬಿಪಿ ಅಂತ ನನ್ನನ್ನೇ ಹುಡುಕಿದರೆ ಅತ್ತೆ ಏನು ತಿಳಿಯಬೇಕು? ಹೆಸರು ಬರೆಸಿದ ಸಂಜೆ ಅತ್ತೆಗೆ ನಾನೇ ಹೇಳಿದೆ. ಅತ್ತೆ ಅಕ್ಕಿ ಆರಿಸುತ್ತಾ, "ಎಳ್ಳಮಾಸಿ ದಿನಾನ ತಿಳೀತು. ಹೋಳಿಗಿ ಮ್ಯಾಲ ತುಪ್ಪ ಬ್ಯಾಡ ಅಂದೆಲ್ಲ" ಅಂದರು. ಮತ್ತೆ ಯಾಕೆ ಕೇಳಲಿಲ್ಲ ಅತ್ತೀ ಅಂದರೆ, "ಮೂರು ತಿಂಗಳಾ ಆಗಲಿ ಅಂತ ಸುಮ್ಕಿದ್ದೆ." ಅಂದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು, ಎಲ್ಲರೂ ನನಗಾಗಿ ಗೊತ್ತಿಲ್ಲದವರ ಹಾಗೆ ಇದ್ದರು. ನಗಬೇಕೋ ಅಳಬೇಕೋ.

ಮೂರು ತಿಂಗಳು ತುಂಬುವ ಹೊತ್ತಿಗೆ ಎನ್‌ಟಿ ಸ್ಕ್ಯಾನ್ ಆಯಿತು. ಹನ್ನೊಂದರಿಂದ ಹದಿನಾಲ್ಕು ವಾರದೊಳಗೆ ಮಾಡುವ ಇದರಲ್ಲಿ ಮಗುವಿನ ಕತ್ತಿನ ಹಿಂದಿನ ನೀರಿನ ದಪ್ಪ ಅಳೆಯುತ್ತಾರೆ. ಸರಿ ಇದೆ ಅಂದರು. ಕೂಸು ಕಾಲು ಝಾಡಿಸುತ್ತಿತ್ತು, ನನಗೆ ಒಳಗೆ ಏನೂ ಗೊತ್ತಾಗುತ್ತಿರಲಿಲ್ಲ. ಓಕರಿಕೆ ಕಡಿಮೆಯಾಗಿದೆ. ಈಗ ಸೀನಿದರೆ, ಥಟ್ಟನೆ ಎದ್ದರೆ ತೊಡೆಯ ಸಂದಿಯ ಹತ್ತಿರ ಚಳಕು ಹೊಡೆಯುತ್ತದೆ. ಗರ್ಭಕೋಶ ಹಿಡಿದಿರುವ ತಂತುಗಳು ಜಗ್ಗುವುದರಿಂದ ಬರುವ ನೋವು ಅಂತೆ. ಪಕ್ಕಕ್ಕೆ ಹೊರಳಿ, ಕೈ ಊರಿ ಏಳು ಅಂದಿದ್ದಾರೆ. ಕಬ್ಬಿಣದ ಗುಳಿಗೆ ಶುರುವಾಗಿದೆ. ಚಹಾದ ಜತೆ ತಗೊಂಡರೆ ಮೈಗೆ ಹತ್ತುವುದಿಲ್ಲವಂತೆ, ಹಾಗಾಗಿ ಮಧ್ಯಾಹ್ನ ಊಟವಾಗಿ ಒಂದು ತಾಸು ಬಿಟ್ಟು ನಿಂಬೆ ನೀರಿನ ಜತೆ. ಮಲ ಕಪ್ಪಗೆ ಹೋಗುತ್ತದೆ, ಹೆದರಬೇಡ ಅಂತ ಈ ಸಲ ಡಾಕ್ಟರ್ ಮೊದಲೇ ಹೇಳಿದ್ದಾರೆ. ಮಲಬದ್ಧತೆಗೆ ಏನು ಮಾಡಲಿ ಅಂತ ಕೇಳುವುದು ಮರೆತು ಬಂದಿದ್ದೇನೆ, ಮುಂದಿನ ಸಲಕ್ಕೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ.